ಕಾಂಪೌಂಡ್ ಗೋಡೆಯೊಳಗೆ ಎಷ್ಟು ವಾಟ್?

ಗಿಟಾರಿಗೆ ಆಂಪ್ಲಿಫೈಯರ್ ಕೊಳ್ಳಲು ಹೊರಟವರು ಮೊದಲು ಅಳೆಯಬೇಕಾದದ್ದು ತಾವಿರುವ ಮನೆಯನ್ನು. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ‘ಎ’ ಬ್ಲಾಕ್ ಇರಲಿ, ‘ಬಿ’ ಬ್ಲಾಕ್ ಇರಲಿ, ಮನೆಗೂ ಕಾಂಪೌಂಡಿಗೂ ನಡುವೆ ನಾಲ್ಕಡಿ ಜಾಗ ಸಿಕ್ಕರೆ ಹೆಚ್ಚು. ಗೋಡೆಯಾಚೆ ಪಕ್ಕದವರ ಅಡುಗೆಮನೆಯ ಕಿಟಕಿ. ಮಾರ್ಚ್ ಬಂತೆಂದರೆ ಆ ಕಿಟಕಿಗಳು ರಾತ್ರಿಯಿಡೀ ತೆರೆದೇ ಇರುತ್ತವೆ. ಕೆಳಗೆ ಮನೆ ಮಾಲೀಕರು, ಮಹಡಿಯ ಮೇಲೆ ಬಾಡಿಗೆಗೆ ಇಂಜಿನಿಯರಿಂಗ್ ಅಥವಾ ಮೆಡಿಕಲ್ ಓದುವ ಹುಡುಗರು. ಅವರಲ್ಲಿ ಒಬ್ಬನ ಬಳಿಯಾದರೂ ಈಗ ಎಲೆಕ್ಟ್ರಿಕ್ ಗಿಟಾರ್ ಇರುತ್ತದೆ. ಎದುರು ಮನೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿ ಕಲಿಯುತ್ತಿರುತ್ತಾಳೆ. ಬ್ಯಾಂಕಿನಿಂದ ನಿವೃತ್ತರಾದವರು ಇಳಯರಾಜ ಸಂಗೀತದ ‘ಗೀತಾ’ (1981) ಚಿತ್ರದ ಹಾಡುಗಳನ್ನು ತಂತಿಯ ಮೇಲೆ ಹುಡುಕುತ್ತಿರುತ್ತಾರೆ. ಇವರೆಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ: ಟ್ಯೂಬ್ ಆಂಪ್ ತಗೊಳ್ಳಲೋ, ಸಾಲಿಡ್ ಸ್ಟೇಟೇ ಸಾಕೋ?

“ಟ್ಯೂಬ್ ಇಲ್ಲದಿದ್ರೆ ಟೋನ್ ಬರೋದೇ ಇಲ್ಲ ಸರ್” ಎನ್ನುವ ಹುಡುಗರು ಸುಳ್ಳು ಹೇಳುತ್ತಿಲ್ಲ. ತಾವು ಮೆಚ್ಚಿದ ಧ್ವನಿಮುದ್ರಿಕೆಗಳಲ್ಲಿ ಅವರು ಕೇಳಿರುವುದು ಬಹುಪಾಲು ಟ್ಯೂಬ್ ಆಂಪ್‌ಗಳನ್ನೇ. ಆದರೆ ಆ ನಾದದ ಮುಖ್ಯ ಭಾಗ ಹುಟ್ಟುವುದು ಗಟ್ಟಿ ಧ್ವನಿಯಲ್ಲಿ. ಆ ಗಟ್ಟಿತನವನ್ನು ನಮ್ಮ ಬಡಾವಣೆಯ ಮನೆ ತಡೆಯುವುದಿಲ್ಲ. ಮನೆಯಲ್ಲಿ ನುಡಿಸುವವರಲ್ಲಿ ಹೆಚ್ಚಿನವರು ಒಳ್ಳೆಯ ಸಾಲಿಡ್ ಸ್ಟೇಟ್ ಆಂಪ್ ಕೊಳ್ಳಬೇಕು, ಮಿಕ್ಕ ಹಣವನ್ನು ಮನೆಯ ಅರ್ತಿಂಗ್ ಸರಿಪಡಿಸಲು ಖರ್ಚು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ಯೂಬಿನ ಮೇಲೆ ನನಗೆ ಪ್ರೀತಿ ಕಡಿಮೆ ಇದೆ ಎಂದು ಇದರರ್ಥವಲ್ಲ.

ಗಿಟಾರಿನವರು ಟ್ಯೂಬ್ ಎನ್ನುವುದು ನಮ್ಮ ಅಜ್ಜಂದಿರ ರೇಡಿಯೊದಲ್ಲಿ ಕೆಂಪಗೆ ಉರಿಯುತ್ತಿದ್ದ ಅದೇ ವಾಲ್ವನ್ನು. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಒಂದು ಎಳೆ ಕಾಯುತ್ತದೆ, ಆ ಬಿಸಿಗೆ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿನ ಕಡೆ ಹರಿಯುತ್ತವೆ. ನಡುವೆ ಸಣ್ಣ ತಂತಿಯ ಜಾಲರಿ. ಭದ್ರಾ ಕಾಲುವೆಯ ತೂಬನ್ನು ಒಂದಿಷ್ಟು ತಿರುಗಿಸಿದರೆ ಗದ್ದೆಗೆ ಹೋಗುವ ನೀರೆಲ್ಲ ಬದಲಾಗುವ ಹಾಗೆ, ಆ ಜಾಲರಿಗೆ ಗಿಟಾರಿನಿಂದ ಬರುವ ಪುಟ್ಟ ವಿದ್ಯುತ್ತು ದೊಡ್ಡ ಹರಿವನ್ನು ಕುಣಿಸುತ್ತದೆ. ಲೀ ಡಿ ಫಾರೆಸ್ಟ್ 1906ರಲ್ಲಿ ಈ ಜಾಲರಿಯನ್ನು ಸೇರಿಸಿದ ಮೇಲೆ ರೇಡಿಯೊ, ಮಾತನಾಡುವ ಸಿನಿಮಾ, ಮೈಕ್ ಸೆಟ್ ಎಲ್ಲವೂ ಸಾಧ್ಯವಾದವು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿ, ಅದೇ ಕೆಲಸವನ್ನು ಬಿಸಿಯಿಲ್ಲದೆ, ಗಾಜಿಲ್ಲದೆ, ಒಂದು ಕಾಳಿನಷ್ಟು ಜಾಗದಲ್ಲಿ ಮಾಡತೊಡಗಿತು. ಟ್ರಾನ್ಸಿಸ್ಟರಿನಿಂದ ಮಾಡಿದ ಆಂಪನ್ನೇ ಸಾಲಿಡ್ ಸ್ಟೇಟ್ ಎನ್ನುವುದು.

ಈ ಬದಲಾವಣೆ ಕರ್ನಾಟಕದಲ್ಲಿ ಒಂದೇ ಸಂಸ್ಥೆಯೊಳಗೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಡೆಯಿತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯೂ ಶುರುವಾಯಿತು. ಗುಂಡಿ ತಿರುಗಿಸಿ ಅರ್ಧ ನಿಮಿಷ ಕಾದ ಮೇಲೆ ಭದ್ರಾವತಿ ಆಕಾಶವಾಣಿ ಮಾತಾಡುತ್ತಿದ್ದ ದೊಡ್ಡ ಸೆಟ್ಟುಗಳು ಮೂಲೆ ಸೇರಿದವು, ಹೊಲಕ್ಕೂ ಹೆಗಲಿಗೆ ಹಾಕಿಕೊಂಡು ಹೋಗಬಹುದಾದ ಟ್ರಾನ್ಸಿಸ್ಟರುಗಳು ಬಂದವು. ರೇಡಿಯೊ, ಟಿವಿ, ಸಿನಿಮಾ ಮಂದಿರ ಎಲ್ಲವೂ ವಾಲ್ವನ್ನು ಬಿಟ್ಟವು. ಗಿಟಾರಿನವರು ಮಾತ್ರ ಬಿಡಲಿಲ್ಲ. ಇಂದು ಗಿಟಾರಿಗರು ಹಂಬಲಿಸುವ ವಾಕ್ಸ್ ಎಸಿ 15, ಎಸಿ 30, ಫೆಂಡರ್ ಬ್ಲೂಸ್ ಜೂನಿಯರ್‌ಗಳ ಒಳಗಿರುವ ಇಎಲ್ 84 ವಾಲ್ವ್ ಯುರೋಪಿನ ಮನೆಗಳ ರೇಡಿಯೊಗಳಲ್ಲಿ ಸ್ಪೀಕರ್ ನಡೆಸುತ್ತಿದ್ದದ್ದೇ.

ಗಿಟಾರಿಗರು ಬಿಡದಿರಲು ಕಾರಣವಿದೆ. ರೇಡಿಯೊಗೆ ಬೇಕಾದದ್ದು ಒಳಗೆ ಬಂದದ್ದನ್ನು ಹಾಗೆಯೇ ದೊಡ್ಡದು ಮಾಡುವ ಆಂಪ್ಲಿಫೈಯರ್. ಎಲೆಕ್ಟ್ರಿಕ್ ಗಿಟಾರಿಗೆ ಆಂಪ್ ವಾದ್ಯದ ಅರ್ಧ ಭಾಗ. ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿದಾಗ ಅಲೆಯ ತುದಿ ನಿಧಾನವಾಗಿ ದುಂಡಗಾಗುತ್ತದೆ. ಮೆಲ್ಲಗೆ ಮೀಟಿದರೆ ತಿಳಿಯಾದ ನಾದ, ಬಿರುಸಾಗಿ ಮೀಟಿದರೆ ಗದ್ಗದ. ಬೆರಳಿನ ಒತ್ತಡವೊಂದರಿಂದಲೇ ಇವೆರಡರ ನಡುವೆ ಓಡಾಡಬಹುದು. ಹಳೆಯ ವಿನ್ಯಾಸಗಳಲ್ಲಿ ವಿದ್ಯುತ್ ಪೂರೈಕೆಯೂ ಆ ಹೊಡೆತಕ್ಕೆ ಕ್ಷಣ ಕುಗ್ಗಿ ಮತ್ತೆ ಮೇಲೇಳುತ್ತದೆ, ಸ್ವರ ಅರಳಿದಂತೆ ಕೇಳುತ್ತದೆ. ಸಾದಾ ಟ್ರಾನ್ಸಿಸ್ಟರ್ ಆಂಪ್ ಮಿತಿ ಮುಟ್ಟುವವರೆಗೆ ಸ್ವಚ್ಛವಾಗಿದ್ದು, ಮುಟ್ಟಿದೊಡನೆ ಅಲೆಯನ್ನು ಕತ್ತರಿಸಿಬಿಡುತ್ತದೆ. ಕಿವಿಗೆ ಕರ್ಕಶ.

ಇಲ್ಲಿ ಒಂದು ಮಾತು ತಿದ್ದಬೇಕು. ವಾಲ್ವ್ ಸಮಸಂಖ್ಯೆಯ ಹಾರ್ಮೋನಿಕ್‌ಗಳನ್ನು (ಮೂಲ ಸ್ವರದ ಜೊತೆ ಮೂಡುವ ಮೇಲಿನ ಸ್ವರಗಳನ್ನು) ಕೊಡುತ್ತದೆ, ಅದಕ್ಕೇ ಇಂಪು ಎಂದು ಎಲ್ಲರೂ ಹೇಳುತ್ತಾರೆ. ಒಂದೇ ಔಟ್‌ಪುಟ್ ವಾಲ್ವ್ ಇರುವ ಫೆಂಡರ್ ಚಾಂಪ್‌ನಂಥ 5 ವಾಟ್ ಆಂಪ್‌ಗೆ ಅದು ಬಹಳಮಟ್ಟಿಗೆ ನಿಜ. ಆದರೆ ದೊಡ್ಡ ಆಂಪ್‌ಗಳಲ್ಲಿ ಔಟ್‌ಪುಟ್ ವಾಲ್ವ್‌ಗಳು ಜೋಡಿಯಾಗಿ, ಒಂದು ತಳ್ಳಿದರೆ ಇನ್ನೊಂದು ಎಳೆಯುವಂತೆ ಕೆಲಸ ಮಾಡುತ್ತವೆ. ಆ ಏರ್ಪಾಟಿನಲ್ಲಿ ಔಟ್‌ಪುಟ್ ಹಂತದ ಸಮ ಹಾರ್ಮೋನಿಕ್‌ಗಳು ಒಂದನ್ನೊಂದು ಬಹುಪಾಲು ಅಳಿಸಿಕೊಂಡುಬಿಡುತ್ತವೆ. ನಾವು ಇಂಪೆನ್ನುವುದರಲ್ಲಿ ಇನ್ನೊಂದು ಪಾಲು ಸ್ಪೀಕರಿನದು. ವಾಲ್ವ್ ಆಂಪ್ ಸ್ಪೀಕರನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಸ್ಪೀಕರಿನ ಸ್ವಂತ ಸ್ವಭಾವ, ಅದರ ತುಂಬು ಮಂದ್ರ ಮತ್ತು ಮೇಲಿನ ಮಿನುಗು, ಎರಡೂ ಎದ್ದು ಬರುತ್ತವೆ. ಈ ಗುಣವನ್ನು ಟ್ರಾನ್ಸಿಸ್ಟರ್ ಆಂಪ್‌ನಲ್ಲೂ ವಿನ್ಯಾಸದಿಂದ ತರಬಹುದು. ಒಳ್ಳೆಯ ತಯಾರಕರು ತರುತ್ತಲೂ ಇದ್ದಾರೆ.

ಈಗ ಲೆಕ್ಕಕ್ಕೆ ಬರೋಣ. ಗಿಟಾರ್ ಸ್ಪೀಕರುಗಳು ಬಹಳ ಚುರುಕು. ಸೆಲೆಷನ್ ಕಂಪನಿಯ ಹನ್ನೆರಡು ಇಂಚಿನ ‘ವಿಂಟೇಜ್ 30’ಗೆ ಒಂದೇ ಒಂದು ವಾಟ್ ಕೊಟ್ಟರೆ, ಒಂದು ಮೀಟರ್ ದೂರದಲ್ಲಿ ಅದು 100 ಡೆಸಿಬೆಲ್ ಧ್ವನಿ ಹೊರಡಿಸುತ್ತದೆ. ಶಕ್ತಿ ಹತ್ತು ಪಟ್ಟು ಆದರೆ 10 ಡೆಸಿಬೆಲ್ ಏರುತ್ತದೆ, ಹತ್ತರಲ್ಲೊಂದು ಆದರೆ 10 ಇಳಿಯುತ್ತದೆ. ಹಜಾರದಲ್ಲಿ ಟಿವಿ ಸ್ವಲ್ಪ ಜೋರಾಗಿಟ್ಟಾಗ ಕೇಳುವುದು ಸುಮಾರು 70 ಡೆಸಿಬೆಲ್. ಆ ಮಟ್ಟದಲ್ಲಿ ಗಿಟಾರ್ ನುಡಿಸಲು ಇಂಥ ಸ್ಪೀಕರಿಗೆ ಬೇಕಾದದ್ದು ಒಂದು ವಾಟ್‌ನ ಸಾವಿರದಲ್ಲೊಂದು ಪಾಲು!

ಇದನ್ನು ಒಪ್ಪಿಕೊಂಡರೆ ಚರ್ಚೆಯ ಅರ್ಧ ಮುಗಿಯಿತು. 15 ವಾಟ್‌ನ ಟ್ಯೂಬ್ ಆಂಪ್ ತಂದು ಮನೆಯವರಿಗೆ ತೊಂದರೆಯಾಗದ ಮಟ್ಟದಲ್ಲಿ ನುಡಿಸುವಾಗ ಅದರ ಔಟ್‌ಪುಟ್ ವಾಲ್ವ್‌ಗಳು ಸುಮ್ಮನೆ ಬಿಸಿಯಾಗಿ ಕೂತಿರುತ್ತವೆ. ದುಂಡಗಾಗುವುದು, ಕುಗ್ಗಿ ಅರಳುವುದು ಯಾವುದೂ ಅಲ್ಲಿ ಆಗುತ್ತಿರುವುದಿಲ್ಲ. ಆಗುತ್ತಿದ್ದರೆ ಮುಂಭಾಗದ ಇಸಿಸಿ 83ಯಂಥ ಸಣ್ಣ ವಾಲ್ವ್‌ಗಳಲ್ಲಿ ಮಾತ್ರ. “ಹಾಗಾದರೆ 5 ವಾಟ್‌ನದು ತರುತ್ತೇನೆ” ಎಂದರೆ ಅದೂ ತುದಿ ಮುಟ್ಟುವ ಹೊತ್ತಿಗೆ 100 ಡೆಸಿಬೆಲ್ ದಾಟಿರುತ್ತದೆ. 50 ವಾಟ್‌ಗೂ 5 ವಾಟ್‌ಗೂ ಇರುವ ಅಂತರ ಬರೀ 10 ಡೆಸಿಬೆಲ್. ಕಿವಿಯ ಅಂದಾಜಿನಲ್ಲಿ ಅದು ಎರಡು ಪಟ್ಟು ಜೋರು, ಅಷ್ಟೇ.

ಕಡಿಮೆ ಧ್ವನಿಯಲ್ಲಿ ಎಲ್ಲ ಆಂಪ್‌ಗಳೂ ತೆಳುವಾಗಿ ಕೇಳಲು ಇನ್ನೊಂದು ಕಾರಣ ನಮ್ಮ ಕಿವಿಯೇ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿದಂತೆ, ಧ್ವನಿ ಇಳಿದಷ್ಟೂ ಕಿವಿಗೆ ಮಂದ್ರದ ಸ್ವರಗಳು ನಡುವಿನ ಸ್ವರಗಳಿಗಿಂತ ಬೇಗ ಮರೆಯಾಗುತ್ತವೆ, ತುಸು ಮಟ್ಟಿಗೆ ತಾರದವೂ ಕೂಡ. ವೇದಿಕೆಯ ಧ್ವನಿಮಟ್ಟದಲ್ಲಿ ಹದಮಾಡಿದ ಗುಂಡಿಗಳು ಮಲಗುವ ಕೋಣೆಯಲ್ಲಿ ಹೊಂದುವುದಿಲ್ಲ. ಮನೆಯಲ್ಲಿ ಬಾಸ್ ಸ್ವಲ್ಪ ಏರಿಸಿ, ಡಿಸ್ಟಾರ್ಷನ್ ಇಳಿಸಿ ನೋಡಿ. ಆಂಪ್ ಬದಲಿಸಬೇಕೆಂದು ಹೊರಟ ಎಷ್ಟೋ ಜನರ ತೊಂದರೆ ಇಷ್ಟಕ್ಕೇ ನೀಗುತ್ತದೆ.

ಕಾನೂನಿನ ಮಾತೂ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಕಾನೂನಿಗಿಂತ ಮೊದಲು ಪಕ್ಕದ ಮನೆಯ ಆಂಟಿ ಬರುತ್ತಾರೆ: “ಸ್ವಲ್ಪ ಸೌಂಡ್ ಕಡಿಮಿ ಮಾಡಪ್ಪ, ನಮ್ಮ ಹುಡುಗಂಗೆ ನಾಳೆ ಪರೀಕ್ಷೆ ಐತಿ.” ಅವರ ಮಾತು ನ್ಯಾಯವಾದದ್ದು. ಅವರಿಗಿಂತ ನನಗೆ ಹೆಚ್ಚು ಚಿಂತೆ ನುಡಿಸುವ ಮಗುವಿನ ಕಿವಿಯದು. ಕೆಲಸದ ಸ್ಥಳಗಳಿಗೆ ತಜ್ಞರು ಸೂಚಿಸುವ ಮಿತಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತ ಹೋಗಿ, 100 ಡೆಸಿಬೆಲ್‌ಗೆ ಬರುವಾಗ ಉಳಿಯುವುದು ಹದಿನೈದು ನಿಮಿಷ. ಹತ್ತಡಿಗೆ ಹನ್ನೆರಡಡಿಯ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಟ್ಯೂಬ್ ಆಂಪ್‌ನ ‘ನಿಜವಾದ’ ನಾದಕ್ಕಾಗಿ ದಿನಾ ಒಂದು ಗಂಟೆ ಕೂತರೆ ಕಳೆದುಕೊಳ್ಳುವುದನ್ನು ಯಾವ ಆಸ್ಪತ್ರೆಯೂ ವಾಪಸು ಕೊಡಲಾರದು. ತಂದೆತಾಯಿ ಇದನ್ನು ಗಮನಿಸಲೇಬೇಕು.

ಸಾಲಿಡ್ ಸ್ಟೇಟ್ ಎಂದರೆ ಬಡವರ ಪಾಲಿನ ಆಂಪ್ ಎಂಬ ಭಾವನೆ ತಪ್ಪು. ರೋಲಂಡ್ ಕಂಪನಿ 1975ರಲ್ಲಿ ತಂದ ಜೆಸಿ 120ರಲ್ಲಿ ಒಂದೇ ಒಂದು ವಾಲ್ವ್ ಇಲ್ಲ. ಅದರ ಸ್ವಚ್ಛ ನಾದವನ್ನು ಹುಡುಕಿಕೊಂಡು ಜಗತ್ತಿನ ಗಿಟಾರಿಗರು ಇಂದಿಗೂ ಹೋಗುತ್ತಾರೆ. ಬ್ಲೂಸ್ ಸಂಗೀತದ ಹಿರಿಯ ಬಿ.ಬಿ. ಕಿಂಗ್ ಬಹುಕಾಲ ನೆಚ್ಚಿಕೊಂಡದ್ದು ಲ್ಯಾಬ್ ಸೀರೀಸ್ ಎಲ್5 ಎಂಬ ಟ್ರಾನ್ಸಿಸ್ಟರ್ ಆಂಪನ್ನು. ಅವರ ಒಂದೊಂದು ಸ್ವರದಲ್ಲಿದ್ದ ಬೆಚ್ಚನೆಯ ದನಿ ಬೆರಳಿನಿಂದ ಬಂದದ್ದು. ನಮ್ಮಲ್ಲಿ ಗಿಟಾರ್ ಕಲಿಯುವವರು ಗಮಕದ ಹಾಗೆ ತಂತಿ ಎಳೆಯುವುದನ್ನು, ಮೆಲುವಾಗಿ ಮೀಟುವುದನ್ನು ಅಭ್ಯಾಸ ಮಾಡಲು ಸ್ವಚ್ಛ ಆಂಪ್‌ಗಿಂತ ಒಳ್ಳೆಯ ಗುರು ಇಲ್ಲ. ಅದು ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ.

ಈಚಿನ ದಶಕಗಳಲ್ಲಿ ಮೂರನೆಯ ದಾರಿಯೊಂದು ತೆರೆದಿದೆ. ವಾಲ್ವ್ ಆಂಪ್‌ನ ವರ್ತನೆಯನ್ನು ಗಣಿತಕ್ಕೆ ಇಳಿಸಿ ಚಿಪ್ಪಿನೊಳಗೆ ನಡೆಸುವ ಮಾಡೆಲಿಂಗ್ ಆಂಪ್‌ಗಳಿವು. ಬಾಸ್ ಕಂಪನಿ 2016ರಲ್ಲಿ ತಂದ ಕಟಾನಾ 50ರಲ್ಲಿ ಹನ್ನೆರಡು ಇಂಚಿನ ಸ್ಪೀಕರಿದೆ, ಶಕ್ತಿಯನ್ನು 50 ವಾಟ್‌ನಿಂದ ಅರ್ಧ ವಾಟ್‌ಗೆ ಇಳಿಸುವ ಗುಂಡಿಯಿದೆ. ಯಮಹಾದ ಟಿಎಚ್‌ಆರ್ ಸರಣಿ ಮೇಜಿನ ಮೇಲೆ ಕೂರುವಂಥದ್ದು. ಎರಡಕ್ಕೂ ಹೆಡ್‌ಫೋನ್ ಹಾಕಬಹುದು, ಪರೀಕ್ಷೆಯ ಹಿಂದಿನ ರಾತ್ರಿಯೂ ನುಡಿಸಬಹುದು. ನಮ್ಮ ದೇಶದ ಸ್ಟ್ರೇಂಜರ್ ಕ್ಯೂಬ್‌ನಂಥ ಸಾದಾ ಆಂಪ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಮೊದಲ ಎರಡು ವರ್ಷದ ಕಲಿಕೆಗೆ ಅವು ಧಾರಾಳ ಸಾಕು. ಬೆಲೆ ನೋಡುವಾಗ ಇಷ್ಟು ನೆನಪಿಡಿ: ಆರು ಇಂಚಿನ ಸ್ಪೀಕರಿರುವ ದುಬಾರಿ ಆಂಪ್‌ಗಿಂತ ಹತ್ತೋ ಹನ್ನೆರಡೋ ಇಂಚಿನ ಸ್ಪೀಕರಿರುವ ಸಾಧಾರಣ ಆಂಪ್ ಮೆಲುದನಿಯಲ್ಲಿ ತುಂಬಿ ಕೇಳುತ್ತದೆ. ಮುಂಭಾಗದಲ್ಲಿ ಒಂದೇ ವಾಲ್ವ್ ಇಟ್ಟು, ಅದರ ಹಿಂದೊಂದು ದೀಪ ಹಚ್ಚಿ, ‘ಟ್ಯೂಬ್ ಆಂಪ್’ ಎಂದು ಮಾರುವವಕ್ಕೆ ಹೆಚ್ಚು ಹಣ ಕೊಡಬೇಡಿ.

ಆಂಪ್ ಯಾಕೆ, ಮನೆಯಲ್ಲಿ ಅಹುಜಾ ಮೈಕ್ ಸೆಟ್ ಇದೆಯಲ್ಲ ಎನ್ನುವವರೂ ಉಂಟು. ಕಂಪನಿ ನಾಟಕಗಳ ಊರು ನಮ್ಮದು. ಗಣೇಶನ ಪೆಂಡಾಲಿನಿಂದ ಹಿಡಿದು ಮದುವೆ ಮನೆಯವರೆಗೆ ಮೈಕ್ ಸೆಟ್ ಇಲ್ಲದ ಕಾರ್ಯಕ್ರಮ ಇಲ್ಲ. ಆದರೆ ಗಿಟಾರಿನ ಪಿಕಪ್‌ಗೆ ಹತ್ತು ಲಕ್ಷ ಓಮ್‌ನಷ್ಟು ಇನ್‌ಪುಟ್ ರೋಧ ಬೇಕು. ಮೈಕಿನ ಇನ್‌ಪುಟ್‌ನಲ್ಲಿ ಕೆಲವು ಸಾವಿರ ಮಾತ್ರ ಇರುತ್ತದೆ. ಅಲ್ಲಿಗೆ ಹಾಕಿದರೆ ತಂತಿಯ ಹೊಳಪೆಲ್ಲ ಸತ್ತುಹೋಗುತ್ತದೆ. ಅದೇ ಗಿಟಾರನ್ನು ಡಿಸ್ಟಾರ್ಷನ್ ಪೆಡಲ್ ಮೂಲಕ ಹಾರ್ನ್‌ಗೆ ಕೊಟ್ಟರೆ ಕಣಜದ ಗೂಡು ಕೆದಕಿದ ಸದ್ದು, ಏಕೆಂದರೆ ಗಿಟಾರಿನ ಸ್ಪೀಕರ್ 5 ಸಾವಿರ ಹರ್ಟ್ಸ್‌ನ ಮೇಲಿನದನ್ನು ತಾನೇ ಕಡಿದುಹಾಕುತ್ತದೆ, ಹಾರ್ನ್ ಅದನ್ನೇ ಎತ್ತಿ ತೋರಿಸುತ್ತದೆ.

ಇನ್ನು ಕರೆಂಟಿನ ವಿಷಯ. ಇದನ್ನು ಅಂಗಡಿಯವರು ಹೇಳುವುದಿಲ್ಲ, ನಾನು ವಿವರವಾಗಿ ಹೇಳುತ್ತೇನೆ.

ಅಮೆರಿಕದಲ್ಲಿರುವ ಅಣ್ಣನೋ ಮಾವನೋ ಬರುವಾಗ ಅಲ್ಲಿಂದ ಆಂಪ್ ತರುವುದು ಈಗ ಸಾಮಾನ್ಯ. ಅದು 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ ಬೆಸ್ಕಾಂ ಕೊಡುವುದು 230 ವೋಲ್ಟ್, 50 ಹರ್ಟ್ಸ್. ಪಿನ್ ಬದಲಿಸಿ ನೇರ ಹಾಕಿದರೆ ಫ್ಯೂಸಿನ ಜೊತೆ ಒಳಗಿನದೂ ಸುಡುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ಹರ್ಟ್ಸ್ ಬದಲಾಗುವುದಿಲ್ಲ. 60 ಹರ್ಟ್ಸ್‌ಗಷ್ಟೇ ಸುತ್ತಿದ ಟ್ರಾನ್ಸ್‌ಫಾರ್ಮರಿನ ಕಬ್ಬಿಣ 50 ಹರ್ಟ್ಸ್‌ನಲ್ಲಿ ಶೇ 20ರಷ್ಟು ಹೆಚ್ಚು ಕಾಂತತೆ ಹೊರಬೇಕಾಗಿ ಬಂದು ಹೆಚ್ಚು ಕಾಯುತ್ತದೆ. ಹಿಂಭಾಗದ ಪಟ್ಟಿಯಲ್ಲಿ ‘50/60’ ಎಂದು ಬರೆದಿದ್ದರೆ ಮಾತ್ರ ತರಿಸಿ. ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವರು ದಾವಣಗೆರೆ, ಹರಿಹರಗಳಲ್ಲಿ ಬೇಕಾದಷ್ಟಿದ್ದಾರೆ. ಅವರಿಂದ ಸ್ಟೆಪ್ ಡೌನ್ ಮಾಡಿಸಬಹುದು. ಟ್ಯೂಬ್ ಆಂಪ್‌ನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮಾತ್ರ ಅದನ್ನು ಸುತ್ತುವುದು ಬೇರೆಯೇ ವಿದ್ಯೆ. ಒಳಸುತ್ತು ಹೊರಸುತ್ತುಗಳನ್ನು ಪದರ ಪದರವಾಗಿ ಹೆಣೆಯಬೇಕು. ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ನುಡಿಸಿದರೆ ಮೊದಲು ಸುಡುವುದು ಅದೇ.

ಅರ್ತಿಂಗ್ ಇದಕ್ಕಿಂತ ಗಂಭೀರ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಆಂಪ್‌ನ ಲೋಹದ ಚೌಕಟ್ಟಿಗೆ, ಅಲ್ಲಿಂದ ಮೂರನೆಯ ಪಿನ್ನಿನ ಮೂಲಕ ಭೂಮಿಗೆ ಸೇರಿರುತ್ತವೆ. ಆ ದಾರಿ ಕಡಿದುಹೋಗಿದ್ದು ಆಂಪ್‌ನಲ್ಲೊಂದು ದೋಷ ಕಾಣಿಸಿಕೊಂಡರೆ ವಿದ್ಯುತ್ತು ತಂತಿಗೇ ಬರುತ್ತದೆ. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ ವೇದಿಕೆಯಲ್ಲೇ ಪ್ರಾಣ ಬಿಟ್ಟದ್ದು ಅರ್ತಿಂಗ್ ಇಲ್ಲದ ಮೈಕನ್ನು ಮುಟ್ಟಿ. ಹಮ್ ಬರುತ್ತದೆಂದು ಮೂರನೆಯ ಪಿನ್ ಮುರಿಯುವುದು, ಎರಡು ಪಿನ್ನಿನ ಅಡಾಪ್ಟರ್ ಹಾಕುವುದು ನಮ್ಮಲ್ಲಿ ಈಗಲೂ ನಡೆದಿದೆ. ದಯವಿಟ್ಟು ಬೇಡ. ಮೀಟರ್ ತಂದು ಫೇಸಿಗೂ ಅರ್ತಿಗೂ ಎಷ್ಟಿದೆ ಎಂದು ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಫೇಸಿಗೂ ನ್ಯೂಟ್ರಲ್ಲಿಗೂ ಇರುವಷ್ಟೇ ಹೆಚ್ಚುಕಡಿಮೆ ಇರಬೇಕು. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಒಂದೆರಡು ವೋಲ್ಟ್ ದಾಟಿದರೆ ಅರ್ತಿಂಗ್ ಗುಂಡಿಯನ್ನು ನೋಡಿಸಬೇಕು. ಬೇಸಿಗೆಯಲ್ಲಿ ಒಣಗಿದ ಗುಂಡಿಗೆ ನೀರು ಹಾಕಲು ಮರೆಯುವ ಮನೆಗಳೇ ಹೆಚ್ಚು. ವಿದ್ಯುತ್ತು ಸೋರಿದೊಡನೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಆಂಪ್‌ಗಿಂತ ಮೊದಲು ಅದನ್ನು ಹಾಕಿಸಿ.

ಟ್ಯೂಬ್ ಆಂಪ್‌ನ ಒಳಗೆ 250ರಿಂದ 450 ವೋಲ್ಟ್‌ನಷ್ಟು ಡಿಸಿ ಓಡಾಡುತ್ತದೆ. ಸ್ವಿಚ್ ಆರಿಸಿ ವೈರ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದು. ಹವ್ಯಾಸಕ್ಕೆಂದು ಮಕ್ಕಳು ಅದರ ಮುಚ್ಚಳ ತೆಗೆಯಕೂಡದು. ಮನೆಯ ಇನ್ವರ್ಟರ್ ಸೈನ್ ವೇವ್ ಅಲ್ಲದಿದ್ದರೆ ಕರೆಂಟು ಹೋದಾಗ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ. ಆಗ ಆಂಪ್ ಆರಿಸಿಬಿಡುವುದು ಲೇಸು.

ಇಷ್ಟೆಲ್ಲ ಹೇಳಿದ ಮೇಲೂ ಟ್ಯೂಬ್ ಆಂಪ್ ಕೊಳ್ಳಬೇಕಾದವರು ಇದ್ದಾರೆ. ತೋಟದ ಮನೆ ಇರುವವರು, ಊರಾಚೆ ಗೋದಾಮಿನಲ್ಲಿ ಬ್ಯಾಂಡಿನ ಅಭ್ಯಾಸ ಮಾಡುವವರು, ಧ್ವನಿಮುದ್ರಣಕ್ಕೆ ಕೂರುವವರು ಕೊಳ್ಳಲಿ. ಪುಟ್ಟ ಆಂಪ್ ಎದುರು ಒಳ್ಳೆಯ ಮೈಕ್ ಇಟ್ಟರೆ ಅದು ಬೆಟ್ಟದಷ್ಟು ದೊಡ್ಡದಾಗಿ ಕೇಳುತ್ತದೆ. 1970ರ ‘ಲೇಲಾ’ ಆಲ್ಬಮ್‌ನಲ್ಲಿ ಎರಿಕ್ ಕ್ಲಾಪ್ಟನ್ ಬಳಸಿದ್ದು ಪುಟ್ಟ ಫೆಂಡರ್ ಚಾಂಪ್ ಎಂಬುದು ಗಿಟಾರಿಗರಲ್ಲಿ ಮನೆಮಾತು. ದುರಸ್ತಿಯ ವಿಷಯದಲ್ಲೂ ವಾಲ್ವ್ ಗೆಲ್ಲುತ್ತದೆ, ಇದನ್ನು ಒಪ್ಪಲೇಬೇಕು. ಹಳೆಯ ಟ್ಯೂಬ್ ಆಂಪ್‌ನ ಒಂದೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ರೇಡಿಯೊ ರಿಪೇರಿಯ ಕಾಲದ ಮೆಕ್ಯಾನಿಕ್ ಒಬ್ಬರು ಸಿಕ್ಕರೆ ನಕ್ಷೆ ನೋಡಿ ಸರಿಮಾಡಬಲ್ಲರು. ಐವತ್ತು ವರ್ಷದ ಆಂಪ್‌ಗಳು ಇಂದಿಗೂ ನುಡಿಯುತ್ತಿರುವುದು ಹಾಗೆಯೇ. ಮಾಡೆಲಿಂಗ್ ಆಂಪ್‌ನ ಬೋರ್ಡ್ ಕೆಟ್ಟರೆ ಇಡೀ ಬೋರ್ಡನ್ನೇ ಬದಲಿಸಬೇಕು. ಕಂಪನಿ ಆ ಮಾದರಿಯನ್ನು ನಿಲ್ಲಿಸಿದ್ದರೆ ಅದೂ ಇಲ್ಲ.

ಆದರೆ ವಾಲ್ವ್‌ಗಳು ಈಗ ತಯಾರಾಗುವುದು ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ. 2022ರ ಮಾರ್ಚಿನಲ್ಲಿ ಯುಕ್ರೇನ್ ಯುದ್ಧದ ಬೆನ್ನಿಗೇ ರಷ್ಯಾ ರಫ್ತು ತಡೆದಾಗ ಗಿಟಾರಿಗರ ಜಗತ್ತೇ ಗಾಬರಿಗೊಂಡು, ಬೆಲೆಗಳು ಏರಿದವು. ಮುಂಭಾಗದ ಸಣ್ಣ ವಾಲ್ವ್‌ಗಳು ಹಲವು ವರ್ಷ ಬಾಳುತ್ತವೆ, ಔಟ್‌ಪುಟ್ ವಾಲ್ವ್‌ಗಳು ದಿನಾ ದುಡಿದರೆ ಅಷ್ಟು ಬಾಳುವುದಿಲ್ಲ. ಕೆಲವು ಆಂಪ್‌ಗಳಲ್ಲಿ ಹೊಸ ವಾಲ್ವ್ ಹಾಕಿದಾಗ ಬಯಾಸನ್ನು, ಅಂದರೆ ನುಡಿಸದಿರುವಾಗಲೂ ವಾಲ್ವಿನಲ್ಲಿ ಹರಿಯುವ ವಿದ್ಯುತ್ತಿನ ಮಟ್ಟವನ್ನು, ಹೊಂದಿಸಲೂಬೇಕು. ಆ ಕೆಲಸ ಬಲ್ಲವರು ಊರಲ್ಲಿ ಸಿಗದಿದ್ದರೆ ಆಂಪ್ ಹೊತ್ತುಕೊಂಡು ಬೆಂಗಳೂರಿಗೆ ಹೋಗಬೇಕಾದೀತು. ಯಾರಿಂದ ಮಾಡಿಸುತ್ತೇವೆ ಎಂದು ಕೊಳ್ಳುವ ಮೊದಲೇ ವಿಚಾರಿಸಿ ಇಟ್ಟುಕೊಂಡಿರಿ.

ಅಂಗಡಿಗೆ ಹೋಗುವಾಗ ನಿಮ್ಮದೇ ಗಿಟಾರ್ ಒಯ್ಯಿರಿ. ಮಾರುವವರು ಗಟ್ಟಿಯಾಗಿ ನುಡಿಸಿ ತೋರಿಸುತ್ತಾರೆ, ಗಟ್ಟಿಯಾಗಿ ಕೇಳಿದರೆ ಯಾವ ಆಂಪ್ ಆದರೂ ಚೆಂದವೇ. ಪಕ್ಕದಲ್ಲಿ ನಿಂತವರ ಮಾತು ಸಲೀಸಾಗಿ ಕೇಳುವಷ್ಟು ಧ್ವನಿ ಇಳಿಸಲು ಹೇಳಿ. ಎಫೆಕ್ಟ್‌ಗಳನ್ನೆಲ್ಲ ತೆಗೆಸಿ, ಮೊದಲು ಬರೀ ಸ್ವಚ್ಛ ನಾದದಲ್ಲಿ ಒಂದು ಹಾಡನ್ನು ನಿಧಾನವಾಗಿ ನುಡಿಸಿ. ಗುಂಡಿಯನ್ನು ಸೊನ್ನೆಯಿಂದ ಒಂದಕ್ಕೆ ತಿರುಗಿಸಿದಾಗ ಧ್ವನಿ ಮೆಲ್ಲನೆ ಏರುತ್ತದೋ, ಇಲ್ಲ ಒಮ್ಮೆಲೇ ಹಾರುತ್ತದೋ ನೋಡಿ. ಮನೆಯಲ್ಲಿ ನೀವು ಬಳಸುವುದು ಗುಂಡಿಯ ಅಷ್ಟೇ ಭಾಗವನ್ನು. ತಂದ ಮೇಲೆ ಯಾರಿಗಾದರೂ ನುಡಿಸಲು ಕೊಟ್ಟು ನೀವು ಕೆಳಗಿನ ಮನೆಗೆ, ಕಾಂಪೌಂಡಿನಾಚೆಗೆ ಹೋಗಿ ಕೇಳಿ. ಅಲ್ಲಿಗೆ ತಲುಪುವುದು ಹೆಚ್ಚಾಗಿ ಬಾಸ್, ಅದು ನೆಲ ಮತ್ತು ಗೋಡೆಯನ್ನು ಹಿಡಿದು ಸಾಗುತ್ತದೆ. ಆಂಪನ್ನು ಕೋಣೆಯ ಮೂಲೆಯಿಂದ ಈಚೆ ತಂದು, ನೆಲದ ಮೇಲೆ ಇಡದೆ ದಪ್ಪ ರಬ್ಬರ್ ಹಾಸಿದ ಸ್ಟೂಲಿನ ಮೇಲೆ ಇಟ್ಟರೆ ಅರ್ಧ ತಕರಾರು ಅಲ್ಲೇ ನಿಲ್ಲುತ್ತದೆ.